ಅಪ್ಪನ ತಿಥಿಗೆ ನಲವತ್ತು ಕಾಗೆ

"ಇದು ಕಾಗೆ ಹುಟ್ಟಿಸೋ ಯಂತ್ರ ಅಲ್ಲ, ಕಾಗೆಗಳನ್ನ ಹದದಲ್ಲಿಡೋ ಯಂತ್ರ. ಹುಟ್ಟಿಸೋದು ಯಾರು ಬೇಕಾದ್ರೂ ಹುಟ್ಟಿಸ್ತಾರೆ. ಸಾಕು ಅನ್ನಿಸೋದೇ ಕಷ್ಟ!"

ನಮ್ಮಣ್ಣ ಮೌನೇಶ ಹೀಗೆ ಘೋಷಿಸಿದ್ದು ಅರಸೀಕೆರೆಯ ನಮ್ಮ ತವರುಮನೆಯ ತಾರಸಿಯ ಮೇಲೆ, ಯುಗಾದಿ ಕಳೆದ ಮರುವಾರ, ನೆತ್ತಿ ಸುಡುವ ಬಿಸಿಲಲ್ಲಿ. ಸಭಿಕರು ಮೂವರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮಮ್ಮ, ಕೊಡೆ ಬಿಚ್ಚಿಕೊಂಡು ನಿಂತಿದ್ದ ಎದುರುಮನೆಯ ದಸ್ತಗೀರ್ ಸಾಹೇಬರು, ಮತ್ತು ನಾನು. ಸಾಹೇಬರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಏನೇ ಹೊರಟರೂ ಒಮ್ಮೆ ನೋಡಿಯೇ ಕಳಿಸುವ ಅಭ್ಯಾಸ ಅವರಿಗೆ. ನಾನು ಬಂದದ್ದು ಹಣೆಬರಹದಿಂದ. ನನ್ನನ್ನು ದೂರ ಕೊಡಬಾರದೆಂದು ಹಠ ಹಿಡಿದ ಅಮ್ಮ ಅದೇ ಬೀದಿಯ ಮೂರನೇ ಮನೆಗೆ ಮದುವೆ ಮಾಡಿಕೊಟ್ಟಳು. ಅದರ ಫಲವಾಗಿ ಅಣ್ಣನ ಯಂತ್ರ ಯಾವುದು ಸಿಡಿದರೂ ಮೊದಲು ಬಿರುಕು ಬಿಡುವುದು ನನ್ನ ಮನೆಯ ಕಿಟಕಿ ಗಾಜು.

ಅಣ್ಣನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅಲ್ಲಿ ಊರಿನವರ ಪಂಪ್‌ಸೆಟ್ಟುಗಳು ತಿಂಗಳುಗಟ್ಟಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತವೆ, ಯಾಕೆಂದರೆ ಅವನು ಮನೆಯ ತಾರಸಿಯ ಮೇಲೆ ಇಂಥದ್ದೇನಾದರೂ ಮಾಡುತ್ತಿರುತ್ತಾನೆ. ಈ ಸಲದ್ದು ನೋಡಲು ಹೀಗಿತ್ತು. ಒಂದು ದೊಡ್ಡ ಪ್ರೆಷರ್ ಕುಕ್ಕರ್, ಅದರ ತಲೆಯ ಮೇಲೆ ಡಿಶ್ ಆಂಟೆನಾದ ತಟ್ಟೆ, ಹಿಂದೆ ಅಪ್ಪನ ಕುಲುಮೆಯಲ್ಲಿ ಗಾಳಿ ಊದುತ್ತಿದ್ದ ಹಳೆಯ ಚರ್ಮದ ತಿದಿ. ಮುಂದುಗಡೆ ಹಳೇ ಕರೆಂಟ್ ಮೀಟರಿನಿಂದ ಕಿತ್ತ ಅಂಕಿಗಳ ಚಕ್ರ. ಅದರ ಕೆಳಗೆ ಎರಡು ದೀಪ. ಒಂದರ ಮೇಲೆ 'ಹೆಚ್ಚಲಿ' ಎಂದೂ ಇನ್ನೊಂದರ ಮೇಲೆ 'ಸಾಕು' ಎಂದೂ ಪೇಂಟಿನಲ್ಲಿ ಬರೆದಿತ್ತು.

ಕಾಗೆ ಯಾಕೆ ಬೇಕಾಯಿತು ಎಂದು ಕೇಳಬಹುದು. ನಮ್ಮಪ್ಪ, ಕುಲುಮೆ ಬ್ರಹ್ಮಾಚಾರ್, ತೀರಿಕೊಂಡು ಮೂರು ವರ್ಷವಾಗಿತ್ತು. ಇದ್ದಷ್ಟು ದಿನ ಬೆಳಗಿನ ರೊಟ್ಟಿಯ ಮೊದಲ ತುಂಡನ್ನು ಕುಲುಮೆಯ ಬಾಗಿಲಲ್ಲಿ ಕೂತು ಕಾಗೆಗೆ ಹಾಕಿಯೇ ತಾವು ತಿನ್ನುತ್ತಿದ್ದರು. ಹೀಗಾಗಿ ಅವರ ತಿಥಿಯ ಪಿಂಡವನ್ನು ಕಾಗೆ ಮುಟ್ಟದೆ ತಾನು ಒಂದು ಹನಿ ನೀರೂ ಕುಡಿಯುವುದಿಲ್ಲ ಎಂಬುದು ಅಮ್ಮನ ವ್ರತ. ಮೊದಲ ವರ್ಷ ಎರಡು ನಿಮಿಷದಲ್ಲಿ ಕಾಗೆ ಬಂತು. ಎರಡನೇ ವರ್ಷ ರಸ್ತೆ ಅಗಲ ಮಾಡಲು ಬೀದಿಯ ಮರಗಳನ್ನೆಲ್ಲ ಕಡಿದಿದ್ದರು, ಒಂದೂವರೆ ಗಂಟೆ ಕಾಯಿಸಿ ಬಂತು. ಕಳೆದ ವರ್ಷ ಬರಲೇ ಇಲ್ಲ. ಕಾಗೆಗಳೆಲ್ಲ ರೈಲ್ವೆ ಸ್ಟೇಷನ್ನಿಗೆ ಗುಳೆ ಹೋಗಿ ಪ್ಲಾಟ್‌ಫಾರಂ ವಡೆ ತಿಂದುಕೊಂಡು ಸುಖವಾಗಿದ್ದವು. ಸಕ್ಕರೆ ಕಾಯಿಲೆಯ ನಮ್ಮಮ್ಮ ಸಂಜೆ ಐದೂವರೆಯವರೆಗೆ ಉಪವಾಸ ಕೂತು ತುಳಸಿಕಟ್ಟೆಯ ಹತ್ತಿರ ಕುಸಿದು ಬಿದ್ದಳು. ಮೂರು ದಿನ ಆಸ್ಪತ್ರೆ. ಡಾಕ್ಟರು ನನ್ನನ್ನೂ ಅಣ್ಣನನ್ನೂ ನಿಲ್ಲಿಸಿಕೊಂಡು, "ಇನ್ನೊಂದು ಸಲ ಹೀಗೆ ಉಪವಾಸ ಕೂರಿಸಿದರೆ ನಿಮ್ಮ ತಾಯಿಗೂ ತಿಥಿ ಮಾಡಬೇಕಾಗುತ್ತೆ" ಎಂದಿದ್ದರು. ಅಮ್ಮನಿಗೆ ಹೇಳಿದರೆ, "ಕಾಗೆ ಬರೋ ಹಾಗೆ ಮಾಡಿ, ನಾನ್ಯಾಕೆ ಉಪವಾಸ ಇರ್ಲಿ" ಎಂದಳು. ಆ ಒಂದು ಮಾತು ಅಣ್ಣನ ತಲೆಗೆ ಹೊಕ್ಕಿತು.

"ನೋಡಿ ಸಾಹೇಬ್ರೆ," ಎಂದು ಅಣ್ಣ ಬೋಧನೆ ಶುರುಮಾಡಿದ. "ಒಂದು ಜೋಡಿ ಕಾಗೆ. ಐದು ಮೊಟ್ಟೆ. ಆ ಐದೂ ದೊಡ್ಡವಾಗಿ ಮತ್ತೆ ಐದೈದು ಇಟ್ರೆ? ಹೀಗೇ ಬಿಟ್ರೆ ಹತ್ತು ವರ್ಷದಲ್ಲಿ ಅರಸೀಕೆರೇಲಿ ಆಕಾಶ ಕಾಣಲ್ಲ. ಆದ್ರೆ ಕಾಣ್ತಿದೆ ತಾನೇ? ಯಾಕೆ?"

"ಯಾಕಪ್ಪ?"

"ತಡೆ ಇದೆ. ಕೂಳು ಸಾಲಲ್ಲ, ಜಾಗ ಸಾಲಲ್ಲ, ರೋಗ ಬರುತ್ತೆ, ಶತ್ರು ಬರ್ತಾನೆ. ನನ್ನ ಯಂತ್ರ ನಮ್ಮ ಕಿವಿಗೆ ಕೇಳದ ಒಂದು ಸದ್ದನ್ನ ಊದುತ್ತೆ. ಅದು ಕಿವಿಗೆ ಬಿದ್ರೆ ಕಾಗೆಗೆ ಕೂಳು ಬೇಕಾದಷ್ಟಿದೆ, ಜಾಗ ಬೇಕಾದಷ್ಟಿದೆ ಅನ್ನಿಸುತ್ತೆ. ಗೂಡಲ್ಲಿರೋ ಮೊಟ್ಟೆ ಒಂದು ದಿನಕ್ಕೆ ಒಡೆಯುತ್ತೆ, ಮರಿ ಎಂಟು ದಿನಕ್ಕೆ ಹಾರುತ್ತೆ. ಎಣಿಕೆ ನಲವತ್ತು ಮುಟ್ಟಿದ ತಕ್ಷಣ 'ಸಾಕು' ಅನ್ನೋ ಸದ್ದು. ಕಾಗೆಗಳು ಮೊಟ್ಟೆ ಇಡೋದು ಬಂದ್."

"ತಿಥಿಗೆ ಒಂದು ಕಾಗೆ ಸಾಕಲ್ವಾ?" ಎಂದರು ಸಾಹೇಬರು.

"ಒಂದೇ ಇಟ್ಕೊಂಡು, ಅದಕ್ಕೆ ಆವತ್ತೇ ಬೇರೆ ಕಡೆ ಕೆಲಸ ಬಿದ್ರೆ?"

ನಾನು ಕೇಳಿದೆ. "ಅಲ್ಲಣ್ಣ, ಕಾಗೆ ಯಾವುದು, ಬೇರೆ ಯಾವುದು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಕಪ್ಪಗಿರೋದನ್ನ ಎಣಿಸು ಅಂದ್ರೆ ಸಾಹೇಬ್ರ ಕೊಡೇನೂ ಎಣಿಸುತ್ತೆ. ಅದಕ್ಕೇ ಒಂದೇ ಒಂದು ನಿಯಮ ಹಾಕಿದ್ದೀನಿ. ಗೂಡುಗಳ ಹತ್ತಿರ ಹಳೇ ಮೊಬೈಲಿನ ಕ್ಯಾಮೆರಾ ಕಟ್ತೀನಿ. ಕಾಗೆ ಗೂಡಿಂದ ತಲೆ ಹೊರಗೆ ಹಾಕಿದ್ದು ಕಾಗೆ, ಅಷ್ಟೇ. ಎರಡು ದಿನ ಕಣ್ಣಿಗೆ ಬೀಳದೆ ಹೋದ್ರೆ ಲೆಕ್ಕದಿಂದ ಕಳೆಯುತ್ತೆ."

ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನೂ ಮುಂದೆ ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಕಾರಣವಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಕೇಳಬೇಕಿತ್ತು.

ಹಿತ್ತಲಿನ ಬೇವಿನ ಮರ ನಮ್ಮ ಬೀದಿಯಲ್ಲಿ ಉಳಿದಿದ್ದ ಒಂದೇ ಮರ. ಅಣ್ಣ ಸ್ಟೇಷನ್ನಿನಿಂದ ವಡೆ ತೋರಿಸುತ್ತ ಎರಡು ಕಾಗೆಗಳನ್ನು ಅಲ್ಲಿಗೆ ಕರೆತಂದ. ಮೂರು ದಿನದಲ್ಲಿ ಗೂಡಾಯಿತು. ಹದಿನೈದು ದಿನದಲ್ಲಿ ಚಕ್ರ 'ಏಳು' ತೋರಿಸಿತು. ಹೊಸ ಐದು ಬೆಳೆದು, ಸ್ಟೇಷನ್ನಿನಿಂದ ಜೊತೆಗಾರರನ್ನು ಕರೆತಂದು ಸಂಸಾರ ಹೂಡಿದವು. ಮೇ ತಿಂಗಳು ಬರುವಷ್ಟರಲ್ಲಿ ಮೂವತ್ತು. ಅಮ್ಮ ದಿನಾ ಬೆಳಗ್ಗೆ ತಾರಸಿಗೆ ಹೋಗಿ ಚಕ್ರಕ್ಕೆ ಕುಂಕುಮ ಇಡತೊಡಗಿದಳು.

ಒಂದು ಸೋಮವಾರ ನಾನು ಮೇಲೆ ಹೋದಾಗ ಚಕ್ರ 'ತೊಂಬತ್ತಾರು' ತೋರಿಸುತ್ತಿತ್ತು.

"ನಲವತ್ತಕ್ಕೆ ನಿಲ್ಲುತ್ತೆ ಅಂದಿದ್ದೆ?"

"ನಿಲ್ಲುತ್ತೆ, ನಿಲ್ಲುತ್ತೆ. ಗಾಡಿ ಬ್ರೇಕ್ ಹಾಕಿದ ಜಾಗದಲ್ಲೇ ನಿಲ್ಲುತ್ತೇನೇ?" ಎಂದ ಅಣ್ಣ. ಸಾಹೇಬರು ಎದುರು ತಾರಸಿಯಿಂದ, "ಬ್ರೇಕ್ ಹಾಕಿದ್ರೆ ತಾನೇ," ಎಂದರು.

ಹಾಕಿರಲಿಲ್ಲ. ಯಂತ್ರದ ಬೆನ್ನು ಬಿಚ್ಚಿ ನೋಡಿದರೆ 'ಸಾಕು' ದೀಪಕ್ಕೂ ತಿದಿಗೂ ನಡುವೆ ಇರಬೇಕಿದ್ದ ತಾಮ್ರದ ತಂತಿಯೇ ಇಲ್ಲ. ಒಂದೇ ಮರದಲ್ಲಿ ಅಷ್ಟು ಸಂಸಾರಕ್ಕೆ ಕಡ್ಡಿ ಎಲ್ಲಿ ಸಿಗಬೇಕು? ಕಾಗೆಗಳು ಅಣ್ಣನ ವೈಂಡಿಂಗ್ ತಂತಿ, ನನ್ನ ತಲೆಪಿನ್ನು, ಸಾಹೇಬರ ಕನ್ನಡಕದ ಕಡ್ಡಿ ಎಲ್ಲವನ್ನೂ ಒಯ್ದು ಗೂಡು ಕಟ್ಟಿದ್ದವು. ತಮ್ಮನ್ನು ತಡೆಯಬೇಕಿದ್ದ ತಂತಿಯ ಮೇಲೆ ಕೂತು ಮೊಟ್ಟೆ ಇಟ್ಟಿದ್ದವು. ಮರ ತುಂಬಿ ಕರೆಂಟ್ ಕಂಬ, ಸಾಹೇಬರ ನೀರಿನ ಟ್ಯಾಂಕು, ನಮ್ಮ ಬಚ್ಚಲಿನ ಹೊಗೆಗೂಡು, ಎಲ್ಲ ಕಡೆ ಗೂಡು. ಅಣ್ಣ ಕಬ್ಬಿಣದ ಸರಳನ್ನೇ ವೆಲ್ಡ್ ಮಾಡಿ ಕೂರಿಸುವಷ್ಟರಲ್ಲಿ ಎಣಿಕೆ ನೂರ ಅರವತ್ತೆರಡಕ್ಕೆ ಏರಿತ್ತು.

ಆ ಇಪ್ಪತ್ತು ದಿನಗಳನ್ನು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಬೀದಿಯ ನಾಯಿಗಳು ಮೊದಲು ಊರು ಬಿಟ್ಟವು. ಕಾಗೆಗಳು ಹೊರಗೆ ಕೂಳು ಸಾಲದೆ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಕೂತು ಒಗ್ಗರಣೆ ಕಾಯುತ್ತಿದ್ದವು. ಹಾಲಿನ ಪಾತ್ರೆಯ ಮುಚ್ಚಳ ಎತ್ತುವುದನ್ನು ಕಲಿತವು. ತಟ್ಟೆಗೆ ಹಾಕಿದ ಇಡ್ಲಿ ಬಾಯಿ ತಲುಪುವುದು ನಮ್ಮ ಬೀದಿಯಲ್ಲಿ ಒಂದು ಸಾಹಸವಾಯಿತು. ಓಡಿಸೋಣವೆಂದರೆ ಅಮ್ಮ ಅಡ್ಡ ನಿಲ್ಲುತ್ತಿದ್ದಳು.

"ಹುಶ್ ಅನ್ಬೇಡ ಕಮಲಿ. ಯಾವುದಾದ್ರೂ ಒಂದು ನಿಮ್ಮಪ್ಪ ಇರ್ಬೋದು."

"ಯಾವುದಮ್ಮ?"

"ಅದು ಗೊತ್ತಿದ್ದಿದ್ರೆ ಮಿಕ್ಕಿದ್ದನ್ನ ಓಡಿಸ್ತಿದ್ದೆ."

ನನ್ನ ಯಜಮಾನರು ಬಹಳ ಸಾಧು ಮನುಷ್ಯ. ಅವರೂ ಒಂದು ಸಂಜೆ ಖಾಲಿ ತಟ್ಟೆ ಹಿಡಿದು ಒಳಗೆ ಬಂದು, "ನಿಮ್ಮಪ್ಪ ನನ್ನ ನಾಲ್ಕೂ ಬೋಂಡ ಎತ್ಕೊಂಡು ಹೋದ್ರು. ಚಟ್ನಿ ಮಾತ್ರ ಬಿಟ್ಟಿದ್ದಾರೆ," ಎಂದರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವರು ನನ್ನ ತವರಿನ ಬಗ್ಗೆ ಆಡಿದ ಮೊದಲ ದೂರು ಅದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಕಬ್ಬಿಣದ ಸರಳು ಕೆಲಸ ಮಾಡಿತು. 'ಸಾಕು' ದೀಪ ಹೊತ್ತಿಕೊಂಡಿತು, ಕಾಗೆಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಅಷ್ಟೇ ಅಲ್ಲ, ಅವು ಒಂದೊಂದೇ ಕಡಿಮೆಯಾಗತೊಡಗಿದವು. ಸ್ಟೇಷನ್ನಿನಿಂದ ಬಂದಿದ್ದವು ಸ್ಟೇಷನ್ನಿಗೇ ವಾಪಸ್ಸು ಹೋದವು, ಇಲ್ಲಿ ಹುಟ್ಟಿದ್ದವು ಸಾಯತೊಡಗಿದವು. ಎಂಟು ದಿನದಲ್ಲಿ ಬೆಳೆದ ಕಾಗೆ ನಲವತ್ತು ದಿನಕ್ಕೆ ಮುದಿಯಾಗುತ್ತದೆ ಎಂಬ ವಿಷಯವನ್ನು ಅಣ್ಣ ಆಗ ಬಾಯಿಬಿಟ್ಟ.

"ಮೊದಲೇ ಯಾಕೆ ಹೇಳಲಿಲ್ಲ?"

"ನನಗೂ ಈಗಲೇ ಗೊತ್ತಾಗಿದ್ದು."

ನೂರ ಇಪ್ಪತ್ತು, ಎಂಬತ್ತು, ಐವತ್ತು. ಜೂನ್ ಮೊದಲ ವಾರದಲ್ಲಿ ಚಕ್ರ ನಲವತ್ತೆರಡಕ್ಕೆ ಬಂದು ನಿಂತಿತು. ತಿಥಿಗೆ ಇನ್ನು ಮೂರು ವಾರ. ಮರುದಿನವೂ ನಲವತ್ತೆರಡು. ಅದರ ಮರುದಿನ ನಲವತ್ತಮೂರು. ಅಣ್ಣ ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಅದನ್ನು ಕಿತ್ತುಕೊಳ್ಳಲು ಯಾವ ಕಾಗೆಯೂ ಬರಲಿಲ್ಲ. ಎಲ್ಲರೂ ನೆಮ್ಮದಿಯಾಗಿ ತಿಂದೆವು. ಅನುಮಾನ ಬರಬೇಕಾಗಿದ್ದದ್ದು ಆಗಲೇ.

ಹಿಂದೆಯೇ ಬೆಳಗಿನ ಹೊತ್ತು ಹಾಡು ಶುರುವಾಯಿತು. ಬೇವಿನ ಮರದಿಂದ ಒಂದು ಕುಹೂ, ಕಂಬದಿಂದ ಇನ್ನೊಂದು, ಟ್ಯಾಂಕಿನಿಂದ ಮತ್ತೊಂದು. ಮೊದಲೆರಡು ದಿನ ಬೀದಿಯವರಿಗೆಲ್ಲ ಖುಷಿ. ವಾರ ಕಳೆಯುವಷ್ಟರಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದಕ್ಕಿಂತ ಒಂದು ಸ್ವರ ಏರಿಸಿ ಹತ್ತಿಪ್ಪತ್ತು ಗಂಟಲು ಕೂಗತೊಡಗಿದಾಗ ಸಾಹೇಬರು ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು.

"ಮೌನೇಶಪ್ಪ, ನಾನು ನಿನ್ನೆ ಇಡೀ ದಿನ ಬೈನಾಕ್ಯುಲರ್ ಹಿಡಿದು ಕೂತಿದ್ದೆ. ಗೂಡಿಂದ ಹೊರಗೆ ಬರ್ತಿರೋದು ಕಾಗೆ ಅಲ್ಲ. ಕಣ್ಣು ಕೆಂಪಗಿದೆ. ಕೋಗಿಲೆ."

ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ ಎಂಬುದು ನಾಲ್ಕನೇ ತರಗತಿಯ ಮಕ್ಕಳಿಗೂ ಗೊತ್ತು. ಅಣ್ಣ ಕೂಳು, ಜಾಗ, ರೋಗ, ಶತ್ರು ಎಂದು ಬೆರಳು ಮಡಿಸಿದ್ದ. ಕೊನೆಯ ಬೆರಳನ್ನು ಯಂತ್ರದಲ್ಲಿ ಮರೆತಿದ್ದ. ಅಷ್ಟೊಂದು ಗೂಡುಗಳನ್ನು ಕಂಡ ಸುತ್ತಲಿನ ತೋಟದ ಕೋಗಿಲೆಗಳೆಲ್ಲ ಬಂದು ಮೊಟ್ಟೆ ಇಟ್ಟಿದ್ದವು. 'ಸಾಕು' ಎಂಬ ಸದ್ದು ಕಾಗೆಗೆ ಮಾತ್ರ ಅರ್ಥವಾಗುವಂಥದ್ದು, ಕೋಗಿಲೆಗಳಿಗೆ ಅದರ ಗೊಡವೆ ಇಲ್ಲ. ಮೊಟ್ಟೆ ಬೇಗ ಒಡೆಯುವ, ಮರಿ ಬೇಗ ಹಾರುವ ಸೌಕರ್ಯ ಮಾತ್ರ ಗೂಡಲ್ಲಿದ್ದ ಎಲ್ಲಕ್ಕೂ ಸಿಕ್ಕಿತ್ತು. ಗೂಡಿನಿಂದ ಬಂದ ಒಂದೊಂದು ಕೋಗಿಲೆಯನ್ನೂ ಯಂತ್ರ ಕಾಗೆಯೆಂದು ಎಣಿಸಿ, ಲೆಕ್ಕ ಹೆಚ್ಚಾಯಿತೆಂದು ಉಳಿದಿದ್ದ ಮುದಿ ಕಾಗೆಗಳಿಗೆ ಇನ್ನಷ್ಟು ಜೋರಾಗಿ ಸಾಕು, ಸಾಕು ಎನ್ನುತ್ತಿತ್ತು.

"ಅಣ್ಣ, ನಿಯಮ ಬದಲಾಯಿಸು. ಇನ್ನೂ ಹತ್ತು ದಿನ ಇದೆ. ಕೋಗಿಲೆನ ಲೆಕ್ಕದಿಂದ ತೆಗೆದು ಹಾಕು, 'ಹೆಚ್ಚಲಿ' ಹತ್ತಿಕೊಳ್ಳುತ್ತೆ."

"ತೆಗೆಯಲ್ಲ."

"ಅದು ಕಾಗೆ ಅಲ್ವಲ್ಲೋ!"

"ಕಾಗೆ ಕಾವು ಕೊಟ್ಟಿದೆ. ಕಾಗೆ ಗುಟುಕು ಕೊಟ್ಟಿದೆ. ಕಾಗೆ ಗೂಡಲ್ಲಿ ಬೆಳೆದಿದೆ. ಅದು ಕಾಗೆ." ಅವನು ನಿಯಮ ಕೂರಿಸಿದ್ದ ಯಂತ್ರದ ಪುಟ್ಟ ಡಬ್ಬಿಗೆ ಅಡ್ಡ ನಿಂತ. "ಬೇರೆ ಏನಂತೀಯೋ ಅನ್ನು, ಕಮಲಿ. ನೀನು ಮೊದಲಿಂದ್ಲೂ ಹಾಗೇ ಅಂತಿದ್ದೀಯ."

ಈಗ ಆ ಕಾರಣ ಹೇಳುತ್ತೇನೆ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗದೆ ಅಪ್ಪ ಅಮ್ಮ ದೂರದ ಸಂಬಂಧಿಕರ ಕೂಸೊಂದನ್ನು ದತ್ತು ತಂದರು. ಅವನೇ ಮೌನೇಶ. ಎರಡು ವರ್ಷದ ಮೇಲೆ ನಾನು ಹುಟ್ಟಿದೆ. ನನಗೆ ಒಂಬತ್ತೋ ಹತ್ತೋ ಇದ್ದಾಗ ಒಂದು ಬುಗುರಿಯ ಜಗಳದಲ್ಲಿ, ಅದೇ ತಾನೇ ಶಾಲೆಯಲ್ಲಿ ಕಲಿತಿದ್ದ ಪಾಠವನ್ನು ಅವನ ಮುಖಕ್ಕೆ ಎಸೆದಿದ್ದೆ. "ನೀನೇನು ನಮ್ಮ ಅಣ್ಣನಾ? ಕಾಗೆ ಗೂಡಲ್ಲಿರೋ ಕೋಗಿಲೆ ಮರಿ!" ಎಂದಿದ್ದೆ. ಅವನು ಎಂಟು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅಪ್ಪ ನನ್ನನ್ನು ಹೊಡೆಯಲಿಲ್ಲ, ಕುಲುಮೆಯ ತಿದಿ ಒತ್ತಲು ಆವತ್ತಿನಿಂದ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. ಮೂವತ್ತೈದು ವರ್ಷವಾಯಿತು. ಅವನು ಮರೆತಿದ್ದಾನೆಂದು ನಾನು ಅಂದುಕೊಂಡಿದ್ದೆ. ಅವನು ಮರೆತಿರಲಿಲ್ಲ, ಯಂತ್ರದೊಳಗೆ ಬರೆದಿಟ್ಟಿದ್ದ.

ನಾನು ಕೆಳಗಿಳಿದು ಬಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತೆ.

ತಿಥಿಯ ದಿನ ಪುರೋಹಿತ ಸಿದ್ಧಲಿಂಗಾಚಾರ್ ಬೇಗ ಬಂದರು, ಬೇಗ ಮುಗಿಸಿದರು. ಹನ್ನೆರಡೂಕಾಲಿಗೆ ತಾರಸಿಯ ಗೋಡೆಯ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಪಿಂಡ. ಅಮ್ಮ ಕುರ್ಚಿಯಲ್ಲಿ ಕೈ ಮುಗಿದು ಕೂತಳು. ಹಿಂದಿನ ಸಂಜೆ ಅರ್ಧ ಚಪಾತಿ ತಿಂದದ್ದೇ ಕೊನೆ. ಚಕ್ರ 'ನಲವತ್ತಾರು' ತೋರಿಸುತ್ತಿತ್ತು. 'ಸಾಕು' ದೀಪ ಉರಿಯುತ್ತಿತ್ತು. ಬೀದಿಯಲ್ಲಿ ಒಂದು ಕಾಗೆಯೂ ಇರಲಿಲ್ಲ.

"ಕಾ, ಕಾ," ಎಂದು ಅಣ್ಣ ಕರೆದ. ನಲವತ್ತಾರು ಕೋಗಿಲೆಗಳು ಕುಹೂ ಎಂದವು.

ಪುರೋಹಿತರು ಕರೆದರು. ನನ್ನ ಯಜಮಾನರು ಕರೆದರು. ಎದುರು ತಾರಸಿಯಿಂದ ದಸ್ತಗೀರ್ ಸಾಹೇಬರೂ ಕೈ ಬಾಯಿಗಿಟ್ಟು ಕರೆದರು. ಅವರ ಕರೆಯೇ ನಮ್ಮೆಲ್ಲರದಕ್ಕಿಂತ ಕಾಗೆಗೆ ಹತ್ತಿರವಾಗಿತ್ತು. ಬಂದದ್ದು ಯಾವುದೂ ಇಲ್ಲ. ಒಂದೂವರೆಗೆ ಯಜಮಾನರು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಹೋದರು, ವಡೆ ತೋರಿಸಿ ಕರೆತರಲು. ಎರಡೂಕಾಲಿಗೆ ವಾಪಸ್ಸಾದರು. ಕಾಗೆಯೂ ಇಲ್ಲ, ವಡೆಯೂ ಇಲ್ಲ.

"ಹಸುವಿಗೆ ಕೊಟ್ಟುಬಿಡೋಣ ತಾಯಿ. ಶಾಸ್ತ್ರದಲ್ಲಿ ಅವಕಾಶ ಇದೆ," ಎಂದರು ಪುರೋಹಿತರು. ಅವರಿಗೆ ಆವತ್ತು ಇನ್ನೂ ಎರಡು ತಿಥಿ ಇತ್ತು.

"ಹಸು ಬೇಡ. ಲಾಳ ಕಟ್ಟೋವಾಗ ಒದ್ದು ಅವರ ಎರಡು ಹಲ್ಲು ಉದುರಿಸಿದ್ದು ಎತ್ತು. ಹಸೂನೂ ಅದೇ ಮನೆತನ."

"ಹೋಗ್ಲಿ, ನೀರಿಗೆ ಬಿಡೋಣ."

"ಅವರಿಗೆ ಈಜು ಬರ್ತಿರಲಿಲ್ಲ."

ಮೂರು ಗಂಟೆಗೆ ಅಮ್ಮನ ಹಣೆಯಲ್ಲಿ ಬೆವರು ಕಂಡಿತು. ಬೆರಳು ನಡುಗುತ್ತಿತ್ತು. ಸಕ್ಕರೆ ನೀರಿನ ಲೋಟ ತುಟಿಗೆ ಹಿಡಿದರೆ ಮುಖ ತಿರುಗಿಸಿದಳು. "ಬರ್ತಾರೆ ಇರು, ಕಮಲಿ. ಅವರು ಯಾವತ್ತೂ ಊಟಕ್ಕೆ ತಡವೇ," ಎಂದಳು. ಆ ದನಿ ನೀರಿನೊಳಗಿಂದ ಬಂದಂತಿತ್ತು. ನನಗೆ ಡಾಕ್ಟರ ಮಾತು ನೆನಪಾಯಿತು.

"ಅಣ್ಣ," ಎಂದೆ. "ಅಮ್ಮ ಹೋಗ್ತಾಳೆ ಕಣೋ. ನಾನು ಆವತ್ತು ಅಂದಿದ್ದು ತಪ್ಪು. ಮೂವತ್ತೈದು ವರ್ಷದಿಂದ ತಪ್ಪು. ಕೈ ಮುಗಿತೀನಿ, ಒಂದು ಕಾಗೆ ತಂದು ಕೊಡು."

ಅವನು ನನ್ನನ್ನೊಮ್ಮೆ ನೋಡಿದ. ಆಮೇಲೆ ಯಂತ್ರದ ಹತ್ತಿರ ಹೋಗಿ ಆ ನಿಯಮದ ಪುಟ್ಟ ಡಬ್ಬಿಗೆ ಕೈ ಹಾಕಿದ. ತಿರುಗಿಸಿದ. ತಿರುಗಲಿಲ್ಲ. ಮಳೆನೀರು ಹೋಗಬಾರದೆಂದು ಅದನ್ನೂ ಅವನೇ ವೆಲ್ಡ್ ಮಾಡಿಬಿಟ್ಟಿದ್ದ! ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಟ್ಟ. ಕುಕ್ಕರು ಒಮ್ಮೆ ಸೀಟಿ ಹಾಕಿತು, ಅಷ್ಟೇ. ಆಗ ಅವನು ಪಂಚೆ ಎತ್ತಿ ಕಟ್ಟಿ, ಶಲ್ಯ ಹೆಗಲಿಗೆ ಹಾಕಿಕೊಂಡು, ಬೇವಿನ ಮರಕ್ಕೆ ಏಣಿ ಚಾಚಿ ಹತ್ತತೊಡಗಿದ. ಯಾವುದಾದರೂ ಗೂಡಿನಲ್ಲಿ ಒಂದು ಕಾಗೆಯ ಮರಿಯಾದರೂ ಉಳಿದಿರಬಹುದೆಂಬ ಆಸೆ.

ತುದಿಯ ದೊಡ್ಡ ಗೂಡಿಗೆ ಅವನು ಪೂರ್ತಿ ತಲೆ ತೂರಿಸಿದ. ತಂತಿಯ ಗೂಡು, ತಲೆ ಸಿಕ್ಕಿಹಾಕಿಕೊಂಡಿತು. ಸ್ವಲ್ಪ ಹೊತ್ತು ಗೂಡಿಗೆ ಎರಡು ಕಾಲು ಮೂಡಿದ ಹಾಗೆ ಕಂಡಿತು. ಕೊನೆಗೆ ತಲೆ ಹೊರಗೆ ಬಂದಾಗ ಕ್ಯಾಮೆರಾ ಟಿಕ್ ಎಂದಿತು. ತಾರಸಿಯ ಮೇಲೆ ಚಕ್ರ ಗರ್ರೆಂದು ಒಂದು ಸುತ್ತು ತಿರುಗಿ 'ನಲವತ್ತೇಳು' ತೋರಿಸಿತು.

"ನಿಮ್ಮಣ್ಣನ್ನೂ ಸೇರಿಸ್ಕೊಳ್ತು," ಎಂದರು ನನ್ನ ಯಜಮಾನರು.

ಅವನು ತಾರಸಿಗೆ ಇಳಿದು ಬಂದಾಗ ಶಲ್ಯದಲ್ಲಿ ನಾಲ್ಕು ಮರಿಗಳಿದ್ದವು. ಕಾಗೆಯವಲ್ಲ. ಸಾಕುತ್ತಿದ್ದ ಕಾಗೆಗಳು ಸತ್ತು ಎರಡು ದಿನವಾಗಿತ್ತು. ಹೆತ್ತ ಕೋಗಿಲೆಗಳು ಅದೇ ಕೊಂಬೆಯ ಮೇಲೆ ಕೂತು ಹಾಡುತ್ತಿದ್ದವು, ಗುಟುಕು ಕೊಡುವ ವಿದ್ಯೆ ಅವುಗಳ ವಂಶದಲ್ಲೇ ಇಲ್ಲ. ಮರಿಗಳು ಹಸಿವಿಗೆ ಬಾಯಿ ಇಷ್ಟಗಲ ತೆರೆದು ಅಣ್ಣನ ಮುಖ ನೋಡಿ ಕಿರುಚುತ್ತಿದ್ದವು. ಒಂದು ಅವನ ತೋಳು ಹತ್ತಿ ಹೆಗಲಿಗೆ ಬಂದು ಕಿವಿಯನ್ನೇ ಕಚ್ಚಿ ಎಳೆಯಿತು. ಅಣ್ಣ ಸುತ್ತ ನೋಡಿದ. ಕೈಗೆ ಸಿಕ್ಕಿದ್ದು ಎಲೆಯ ಮೇಲಿನ ಅನ್ನ ಒಂದೇ. ಯೋಚನೆ ಮಾಡದೆ ಪಿಂಡದಿಂದ ಚಿಟಿಕೆಯಷ್ಟು ಮುರಿದು ಮರಿಯ ಬಾಯಿಗೆ ಇಟ್ಟುಬಿಟ್ಟ.

ಮರಿ ಗುಟುಕ್ಕನೆ ನುಂಗಿತು. ಪುರೋಹಿತರ ಕೈಯಲ್ಲಿದ್ದ ಪಂಚಪಾತ್ರೆ ಕೆಳಗೆ ಬಿತ್ತು.

"ಏನಪ್ಪ ಮಾಡಿದೆ? ತಿಥಿ ಮಾಡೋ ಕರ್ತೃವೇ ಪಿಂಡಕ್ಕೆ ಕೈ ಹಾಕೋದುಂಟೇ? ಅದೂ ಕೋಗಿಲೆಗೆ..."

"ಸ್ವಲ್ಪ ಸುಮ್ನಿರಿ ಆಚಾರ್ರೆ," ಎಂದಳು ಅಮ್ಮ.

ಅವಳು ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದ್ದಳು. ಅಣ್ಣ ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನಾಲ್ಕೂ ಬಾಯಿಗೆ ಸರದಿಯಂತೆ ಅನ್ನ ಇಡುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಪ್ಪ ಕುಲುಮೆಯ ಬಾಗಿಲಲ್ಲಿ ಕೂರುತ್ತಿದ್ದದ್ದು ಹಾಗೆಯೇ.

"ನಿಮ್ಮಪ್ಪ ನಿನ್ನ ಕರ್ಕೊಂಡು ಬಂದ ದಿನ ನೀನೂ ಹಿಂಗೇ ಕಿರುಚ್ತಿದ್ದೆ ಮಗ," ಎಂದಳು ಅಮ್ಮ ನಿಧಾನವಾಗಿ. "ನನಗೆ ಹಾಲೂಡಿಸೋಕೆ ಬರ್ತಿರಲಿಲ್ಲ. ಅವರೇ ಹಾಲಲ್ಲಿ ಬತ್ತಿ ಅದ್ದಿ ಬಾಯಿಗೆ ಇಟ್ಟರು. ಆವತ್ತು ನಾನು, ಎಷ್ಟಾದ್ರೂ ಬೇರೆಯವರ ಮಗು ಅಂದೆ. ಗುಟುಕು ಕೊಟ್ಟೋರ ಮಗು ಅಂದ್ರು." ಆಮೇಲೆ ನನ್ನ ಕಡೆ ತಿರುಗಿದಳು. "ಮುಟ್ಟಿತು, ಕಮಲಿ. ನನಗೆ ಬಡಿಸು."

ಸಾಹೇಬರು ಎದುರು ತಾರಸಿಯಲ್ಲಿ ಹಸಿರು ಬಾವುಟ ತೋರಿಸುವವರಂತೆ ಕೈಯೆತ್ತಿದರು. ನಾನು ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದೆ. ಅಮ್ಮ ಎರಡು ತುತ್ತು ತಿಂದು, ಮೂರನೆಯದಕ್ಕೆ ಉಪ್ಪು ಸಾಲದು ಎಂದಾಗ ನನಗೆ ಹೋದ ಜೀವ ಬಂತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮಣ್ಣನ ಯಂತ್ರ ಯಾವುದೂ ಚೆನ್ನಾಗಿರುವಲ್ಲಿಗೆ ಮುಗಿಯುವುದಿಲ್ಲ.

ಮರದ ಗೂಡುಗಳಲ್ಲಿ ಇನ್ನೂ ಹತ್ತೊಂಬತ್ತು ಮರಿಗಳಿದ್ದವು. ಅಣ್ಣ ವಾರವಿಡೀ ಏಣಿ ಹತ್ತಿ ಇಳಿದು, ಅರ್ಧ ಗಂಟೆಗೊಮ್ಮೆ ಗುಟುಕು ಕೊಟ್ಟು ಎಲ್ಲವನ್ನೂ ಹಾರಿಸಿದ. ಬಲಿತ ಮೇಲೆ ಒಂದೂ ಹಿಂದಿರುಗಿ ನೋಡದೆ ಹಣ್ಣಿನ ತೋಟಗಳ ಕಡೆ ಹೋದವು. ಎರಡು ದಿನ ಕಾಣದ್ದನ್ನು ಯಂತ್ರ ಲೆಕ್ಕದಿಂದ ಕಳೆಯಿತು, ಕ್ಯಾಮೆರಾದ ಮುಂದೆ ದಿನಾ ಓಡಾಡುವ ಅಣ್ಣನೊಬ್ಬನನ್ನು ಬಿಟ್ಟು. ಮುಂದಿನ ವರ್ಷ ತೋಟದ ಕೋಗಿಲೆಗಳು ಮೊಟ್ಟೆ ಇಡಲು ಬಂದರೆ ಅವಕ್ಕೆ ಇಲ್ಲಿ ಒಂದು ಕಾಗೆಯ ಗೂಡೂ ಇಲ್ಲ. ಕಾಗೆಯನ್ನು ಮುಗಿಸಿ ತಾವೂ ಮುಗಿಯುವ ದಾರಿ ಹಿಡಿದಿವೆ. ನೂರ ಅರವತ್ತೆರಡು ಕಾಗೆ ಕಿರುಚಿದ ಬೀದಿಯಲ್ಲಿ ಈಗ ಒಂದು ಗುಬ್ಬಿಯ ಸದ್ದೂ ಇಲ್ಲ.

ಮಹಾಲಯದ ಪಕ್ಷ ಬಂತು. ಮನೆಮನೆಯಲ್ಲೂ ಎಡೆ, ಮುಟ್ಟುವ ಕಾಗೆ ಇಲ್ಲ. ಮೊದಲು ಮೂಲೆಮನೆಯವರು ಬಂದು ಬಾಗಿಲಲ್ಲಿ ನಿಂತರು. "ನಿಮ್ಮಣ್ಣನ್ನ ಯಂತ್ರವೇ ಕಾಗೆ ಅಂತ ಎಣಿಸಿದೆಯಂತೆ, ನಿಮ್ಮ ಅಮ್ಮನವರೂ ಒಪ್ಪಿದ್ರಂತೆ. ನಮ್ಮಲ್ಲೂ ಒಂಚೂರು ಬಂದು ಮುಟ್ಟಿ ಹೋಗಲಿ," ಎಂದರು. ಮಾಡಿದ ತಪ್ಪಿಗೆ ಅಣ್ಣನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹೋದ, ತಾರಸಿ ಹತ್ತಿದ, ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಟ್ಟಿ ಒಂದು ತುತ್ತು ನುಂಗಿದ. ಮನೆಯವರು ಕೈಮುಗಿದು ಊಟಕ್ಕೆ ಕೂತರು. ಈಗ ಸಿದ್ಧಲಿಂಗಾಚಾರ್ ತಿಥಿ ಗೊತ್ತು ಮಾಡುವ ಮೊದಲು ಅಣ್ಣನಿಗೆ ಫೋನ್ ಮಾಡಿ ಬಿಡುವಿದೆಯೇ ಎಂದು ಕೇಳುತ್ತಾರೆ. ಒಂದೊಂದು ದಿನ ನಾಲ್ಕು ತಾರಸಿ ಆಗುವುದುಂಟು. ಅಂಗಡಿಯಲ್ಲಿ ಪಂಪ್‌ಸೆಟ್ಟುಗಳು ಇನ್ನೂ ಹೊಟ್ಟೆ ಬಿಚ್ಚಿಕೊಂಡೇ ಮಲಗಿವೆ. ಅಮ್ಮ ದಿನಾ ಚಕ್ರಕ್ಕೆ ಕುಂಕುಮ ಇಡುತ್ತಾಳೆ, ತನ್ನ ಕಾಲಕ್ಕೂ ಇವನೇ ಗತಿಯೆಂದು ನಿಟ್ಟುಸಿರು ಬಿಡುತ್ತಾಳೆ. ಅಪ್ಪನ ಮುಂದಿನ ತಿಥಿಯಲ್ಲಿ ಕರ್ತೃವೂ ಕಾಗೆಯೂ ಒಬ್ಬನೇ ಆದರೆ ಹೇಗೆಂದು ಪುರೋಹಿತರು ಪುಸ್ತಕ ಹುಡುಕುತ್ತಿದ್ದಾರೆ.

ಯಂತ್ರ ಮಾತ್ರ ನಿಂತಿಲ್ಲ. ಚಕ್ರ 'ಒಂದು' ತೋರಿಸುತ್ತಿದೆ, ಕೆಳಗೆ 'ಹೆಚ್ಚಲಿ' ದೀಪ ಹಗಲಿರುಳೂ ಉರಿಯುತ್ತಿದೆ. ಆದರೆ ಆ ಒಂದು ಕಾಗೆಗೂ ಮೊನ್ನೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ, ಡಾಕ್ಟರು ಅನ್ನ ಮುಟ್ಟಬಾರದೆಂದಿದ್ದಾರೆ.